ಫ್ರಾಕ್ ತೊಟ್ಟ ಮಗು ಗಂಡೂ ಆಗಿರಬಹುದು

1908ರ ಮೊರಾವಿಯಾದ (ಇಂದಿನ ಚೆಕ್ ಗಣರಾಜ್ಯದ ಪೂರ್ವಭಾಗ) ಹಳ್ಳಿ ಫೋಟೋದಲ್ಲಿ ಫ್ರಾಕ್ ತೊಟ್ಟ ಎರಡು ವರ್ಷದ ಮಗು ಹೆಣ್ಣೇ ಇರಬೇಕಲ್ಲವೇ ಎಂದು ಕೇಳಿದ್ದೀರಿ. ಫ್ರಾಕ್ ನೋಡಿ ಹಾಗೆ ಹೇಳಲಾಗದು. ಆಗ ಚೆಕ್ ಮನೆಗಳಲ್ಲೂ ಪುಟ್ಟ ಗಂಡುಮಕ್ಕಳಿಗೆ ಫ್ರಾಕನ್ನೇ ಹಾಕುತ್ತಿದ್ದರು. ಬಟ್ಟೆ ಒದ್ದೆ ಮಾಡಿಕೊಳ್ಳುವ ವಯಸ್ಸಿಗೆ ಅದೇ ಸಲೀಸು. ಚಡ್ಡಿ ಆಮೇಲೆ.

ನಾನಾದರೆ ಮೊದಲು ಏಪ್ರನ್ ನೋಡುತ್ತೇನೆ. ಕೊಳೆಯೆಲ್ಲ ಅದಕ್ಕೇ ಹತ್ತುತ್ತಿತ್ತು, ಮತ್ತೆ ಮತ್ತೆ ಒಗೆಯುತ್ತಿದ್ದುದೂ ಅದನ್ನೇ. ಗಾಢ ಬಟ್ಟೆಯ ಮೇಲೆ ಬಿಳಿ ಹೂವಿದ್ದರೆ ಅದು ‘ಮೋದ್ರೊತಿಸ್ಕ್’ ಎಂಬ ನೀಲಿ ಅಚ್ಚಿನ ಬಟ್ಟೆ ಇರಬಹುದು: ಮರದ ಅಚ್ಚಿನಿಂದ ಅಂಟು ಒತ್ತಿ, ನೀಲಿಯ ತೊಟ್ಟಿಯಲ್ಲಿ ಅದ್ದಿದರೆ, ಅಂಟಿದ್ದ ಕಡೆ ಬಣ್ಣ ಹತ್ತುವುದಿಲ್ಲ. ಎಷ್ಟು ಚೆಂದದ ಕೆಲಸ! 2018ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ.

ಕಾಲಲ್ಲಿ ಬೂಟಿದ್ದರೆ ಫೋಟೋಗೆಂದೇ ಹಾಕಿಸಿರಬಹುದು. ಬೇಸಿಗೆಯಲ್ಲಿ ಹಳ್ಳಿಮಕ್ಕಳು ಹೆಚ್ಚಾಗಿ ಬರಿಗಾಲಲ್ಲೇ ಓಡಾಡುತ್ತಿದ್ದರು.