ಲೆಕ್ಕದ ಪುಸ್ತಕ ಸ್ವಲ್ಪ ಕಾಯಲಿ ಬಿಡಿ

ಸರ್, ತೋಟದ ಲೆಕ್ಕ ಬರೆಯುವುದನ್ನು ನಾಳೆ ನಾಳೆ ಅಂತ ತಳ್ಳಿ ತೋಟ ಸುತ್ತುತ್ತೀರಿ, ಇದು ಸೋಮಾರಿತನವಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ದೊಡ್ಡ ಕೆಲಸ ತಪ್ಪಿಸಿಕೊಳ್ಳಲು ಹೋಗಿ ನಾವು ಬೇರೆ ಎಷ್ಟೋ ಒಳ್ಳೆ ಕೆಲಸ ಮುಗಿಸುತ್ತೇವೆ. ಇದನ್ನೇ ಬರೆದು ಸ್ಟ್ಯಾನ್‌ಫೋರ್ಡ್‌ನ ತತ್ವಶಾಸ್ತ್ರದ ಮೇಷ್ಟ್ರು ಜಾನ್ ಪೆರಿ 2011ರಲ್ಲಿ ಇಗ್ ನೊಬೆಲ್ ಪಡೆದರು, ಅಂದರೆ ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಕೆಲಸಕ್ಕೆ ಕೊಡುವ ತಮಾಷೆಯ ಪ್ರಶಸ್ತಿ.

ನಮ್ಮ ಮಡಿಕೇರಿ ಕಡೆಯ ಅರೇಬಿಕಾ ಕಾಫಿ ತೋಟಗಳಲ್ಲಿ ಈ ಮಾತು ಬಹಳ ನಿಜ. ಸುಮ್ನೆ ಸುತ್ತುವಾಗಲೇ ಬಿಳಿ ಕಾಂಡಕೊರಕ (ಕಾಂಡದೊಳಗೆ ಕೊರೆದು ತಿನ್ನುವ ಹುಳ) ಹಿಡಿದ ಗಿಡ ಕಣ್ಣಿಗೆ ಬೀಳುವುದು. ಎಲೆ ಹಳದಿಯಾಗಿ ಜೋತಿರುತ್ತದೆ, ಕಾಂಡ ಸವರಿದರೆ ಉಬ್ಬಿದ ಗೆರೆ ಕೈಗೆ ಸಿಗುತ್ತದೆ. ಏಪ್ರಿಲ್‌ನಲ್ಲಿ ಆ ಹುಳ ದುಂಬಿಯಾಗಿ ಹೊರಗೆ ಹಾರುವ ಮೊದಲೇ ಆ ಗಿಡವನ್ನು ಕಿತ್ತು ಸುಟ್ಟರೆ ಅಕ್ಕಪಕ್ಕದ ಗಿಡ ಉಳಿಯುತ್ತವೆ. ಸಾಲದ ಕಂತು ಮಾತ್ರ ಮುಂದೂಡಬೇಡಿ. ಲೆಕ್ಕವನ್ನು ಜುಲೈನಲ್ಲಿ ಬರೆಯಿರಿ, ಆ ಮಳೆಯಲ್ಲಿ ತೋಟಕ್ಕೆ ಇಳಿಯುವುದು ಹೇಗೂ ಕಷ್ಟ ಅಲ್ವಾ?