ಹುಬ್ಬು ಏರಿಸಿದರೆ ಅದು ‘ಹೌದು’

ನಿಮ್ಮ ಆಫೀಸಿನ ಫಿಲಿಪೀನ್ಸ್ ಮಹಿಳೆ ಏನು ಕೇಳಿದರೂ ಬಾಯಿ ಬಿಡದೆ ಹುಬ್ಬು ಏರಿಸುತ್ತಾರೆ, ಇದು ಅಹಂಕಾರವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಅವರಲ್ಲಿ ಹುಬ್ಬು ಏರಿಸಿದರೆ ‘ಹೌದು’ ಎಂದರ್ಥ. ನಾವು ತಲೆ ಅಲ್ಲಾಡಿಸುವುದನ್ನು ಕಂಡು ಹೊರಗಿನವರು ‘ಬೇಡ’ ಅಂದುಕೊಳ್ಳುತ್ತಾರಲ್ಲ, ಹಾಗೆಯೇ ಇದೂ. ದುಬೈನಲ್ಲಿ ನನ್ನ ರೂಮಿನಲ್ಲಿದ್ದ ಫಿಲಿಪಿನೋ ಗೆಳೆಯನ ಮೇಲೆ ಇದೇ ಕಾರಣಕ್ಕೆ ಒಂದು ವಾರ ಸುಮ್ನೆ ಮುನಿಸಿಕೊಂಡಿದ್ದೆ. ಈಗಲೂ ಬೇಸರವಾಗುತ್ತದೆ. ತುಟಿ ಮುಂದೆ ಚಾಚಿದರೆ ‘ಅಲ್ಲಿದೆ ನೋಡಿ’ ಎಂದು ತೋರಿಸುತ್ತಿದ್ದಾರೆ, ಅಷ್ಟೇ.

ಆ ಗೆಳೆಯನಿಗೆ ಜಾಸ್ತಿ ನೋವಾಗುತ್ತಿದ್ದದ್ದು ಬೇರೆ ಮಾತಿಗೆ. ಅಡ್ಡಹೆಸರು ನೋಡಿ ‘ನೀನು ಸ್ಪೇನಿನವನಾ?’ ಎನ್ನುತ್ತಿದ್ದರು. ಆಗ ಫಿಲಿಪೀನ್ಸನ್ನು ಆಳುತ್ತಿದ್ದ ಸ್ಪೇನಿನ ಗವರ್ನರ್ ಕ್ಲಾವೆರಿಯಾ 1849ರಲ್ಲಿ ಹೆಚ್ಚಾಗಿ ಸ್ಪ್ಯಾನಿಷ್ ಹೆಸರುಗಳಿದ್ದ ಒಂದು ಪಟ್ಟಿ ಹಂಚಿಸಿ, ಅದರಿಂದ ಮನೆತನದ ಹೆಸರು ಇಟ್ಟುಕೊಳ್ಳಿ ಎಂದು ಆಜ್ಞೆ ಮಾಡಿದ್ದ. ಆ ಹೆಸರಿಗೂ ರಕ್ತಸಂಬಂಧಕ್ಕೂ ನಂಟು ಇರಲೇಬೇಕೆಂದಿಲ್ಲ. ಆಮೇಲೆ, ಅಲ್ಲಿ ಎಲ್ಲರ ಮನೆಮಾತು ಟಗಾಲೊಗ್ ಅಲ್ಲ. ಅವನದು ಸೆಬುವಾನೋ. ನಮ್ಮನ್ನೆಲ್ಲ ‘ಹಿಂದಿಯವರು’ ಅಂದರೆ ನಮಗೂ ಬೇಜಾರಾಗುತ್ತದೆ, ಅಲ್ವಾ?

ನಿಮ್ಮ ಆಫೀಸಿನ ಆ ಮಹಿಳೆ ನಿಮಗಿಂತ ದೊಡ್ಡವರಾದರೆ, ಸಲುಗೆ ಬೆಳೆದ ಮೇಲೆ ‘ಆತೆ’ ಎಂದು ಕರೆಯಿರಿ. ಅಂದರೆ ಅಕ್ಕ.