ಕರ್ಣನ ಪಾರ್ಟು ಅವರದು, ಗುರುವಾರದ ಸಂಜೆ ನಿಮ್ಮದು

ಪ್ರಶ್ನೆ: ನನಗೆ 36 ವರ್ಷ. ತುಮಕೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತೇನೆ. ಮನೆ ಸೇರುವಾಗ ರಾತ್ರಿ ಎಂಟು. ಯಜಮಾನರದು ಊರಲ್ಲೇ ಅಂಗಡಿ. ಅವರ ಹಳ್ಳಿಯವರು ಜಾತ್ರೆಗೆ ಕುರುಕ್ಷೇತ್ರ ನಾಟಕ ಇಟ್ಟುಕೊಂಡಿದ್ದಾರೆ, ಇವರು ಕರ್ಣ. ಮೂರು ತಿಂಗಳಿಂದ ವಾರಕ್ಕೆ ನಾಲ್ಕು ಸಂಜೆ, ಜೊತೆಗೆ ಭಾನುವಾರ ಪೂರ್ತಿ ಪ್ರಾಕ್ಟೀಸು. ಪಾತ್ರಕ್ಕೆ ಇವರೇ ಕೈಯಿಂದ 30,000 ರೂಪಾಯಿ ಕೊಟ್ಟಿದ್ದು ನನಗೆ ಆಮೇಲೆ ಗೊತ್ತಾಯಿತು. ಮದುವೆಗೆ ಮುಂಚೆ ನಾನು ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವುದನ್ನು ಕಲಿಯುತ್ತಿದ್ದೆ, ಈಗ ಪುಸ್ತಕ ಅಟ್ಟದ ಮೇಲಿದೆ. ಮೊನ್ನೆ ಸ್ನೇಹಿತರ ಎದುರೇ ‘ಇವಳಿಗೆ ಕಲೆ ಅಂದ್ರೆ ಏನು ಗೊತ್ತು’ ಅಂದುಬಿಟ್ಟರು. ಪಾರ್ಟು ಬಿಟ್ಟುಬಿಡಿ ಅಂತ ಹೇಳಲಾ? ಹೋದ ವಾರ ಏನೇನು ಮಾಡಿದೆ ಅಂತ ದಿನದಿನದ್ದೂ ಬರೆದು ಕಳಿಸಿದ್ದೇನೆ.
– ಹೆಸರು ಬೇಡ, ತುಮಕೂರು

ಉತ್ತರ: ಬಿಡಿ ಅಂತ ಹೇಳಬೇಡಿ, ತಂಗಿ. ನಿಮ್ಮ ಸಿಟ್ಟು ಸರಿಯಾಗಿಯೇ ಇದೆ, ಆದರೆ ಕೇಳಬೇಕಾದದ್ದು ಅದಲ್ಲ.

ನಿಮ್ಮ ವಾರವನ್ನು ಎರಡು ಸಲ ಓದಿದೆ. ರೈಲು, ಆಫೀಸು, ರೈಲು, ಅಡುಗೆ, ಮಗನ ಹೋಮ್‌ವರ್ಕು, ಭಾನುವಾರ ಬಟ್ಟೆ ಮತ್ತು ವಾರದ ಸಂತೆ. ಏಳು ದಿನದಲ್ಲಿ ನಿಮಗೋಸ್ಕರ ಅಂತ ಮಾಡಿದ್ದು ಏನೂ ಇಲ್ಲ ಅಂದುಕೊಳ್ಳುವಷ್ಟರಲ್ಲಿ ಬುಧವಾರದ ಕೊನೆಗೆ ಒಂದು ಸಾಲು ಸಿಕ್ಕಿತು. ‘ರಾತ್ರಿ ಇವರು ಪದ್ಯ ಹೇಳಿಕೊಳ್ಳುತ್ತಿದ್ದರು, ಒಂದು ಪದವನ್ನು ತಪ್ಪು ಜಾಗದಲ್ಲಿ ಮುರಿಯುತ್ತಿದ್ದರು, ನಾನು ಮಗನ ಯೂನಿಫಾರಂ ಇಸ್ತ್ರಿ ಮಾಡ್ತಾ ಸುಮ್ನೆ ಒಳಗೊಳಗೇ ಸರಿಯಾಗಿ ಹೇಳಿಕೊಂಡೆ.’ ಅಷ್ಟು ಬರೆದು ಗುರುವಾರಕ್ಕೆ ಹೋಗಿಬಿಟ್ಟಿದ್ದೀರಿ. ನನಗೆ ಅಲ್ಲಿಂದ ಮುಂದೆ ಹೋಗಲು ಆಗಲಿಲ್ಲ.

ಹತ್ತು ಹದಿನೈದು ವರ್ಷ ಬಾಯಿ ಬಿಟ್ಟು ಹಾಡದಿದ್ದರೂ ಪದ ಎಲ್ಲಿ ಒಡೆಯಬೇಕು ಅಂತ ನಿಮ್ಮ ಕಿವಿಗೆ ಗೊತ್ತಿದೆ. ಗಮಕದ ಜೀವವೇ ಅದು, ಅಲ್ವಾ? ತಾಳದ ಕಟ್ಟಿಲ್ಲ, ರಾಗ ಇದೆ, ಆದರೆ ರಾಗಕ್ಕಾಗಿ ಅರ್ಥ ಕೆಡುವಂತಿಲ್ಲ. ಭಾಮಿನಿ ಷಟ್ಪದಿಯ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಯ ಆ ನಡಿಗೆ ಒಮ್ಮೆ ಮೈಗೆ ಹತ್ತಿದರೆ ಹೋಗುವುದಿಲ್ಲ. ಕರ್ಣನನ್ನು ನಿಮ್ಮ ಯಜಮಾನರು ಈಗ ಕಲಿಯುತ್ತಿದ್ದಾರೆ. ನೀವು ಅವನನ್ನು ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಆಗಲೇ ಕಂಡವರು. ಕೃಷ್ಣ ಹುಟ್ಟಿನ ಗುಟ್ಟು ಹೇಳಿದಾಗ ಗಂಟಲು ಬಿಗಿದು ಕಣ್ಣು ತುಂಬುವ ಕರ್ಣ ನಿಮಗೆ ನೆನಪಿರಲೇಬೇಕು.

ಇನ್ನು ಅವರ ವಿಷಯ. ನಮ್ಮ ಕಡೆ ಪೌರಾಣಿಕ ನಾಟಕದ ಹುಚ್ಚು ಇವತ್ತಿನದಲ್ಲ. ಗುಬ್ಬಿ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ, ನಿಮ್ಮ ಮನೆಯಿಂದ 20 ಕಿಲೋಮೀಟರ್ ಆಸುಪಾಸಿನಲ್ಲಿ. ಈಗಲೂ ಅಂಗಡಿಯವರು, ಮೇಷ್ಟ್ರುಗಳು, ಆಟೋ ಓಡಿಸುವವರು ಕೈಯಿಂದ ದುಡ್ಡು ಹಾಕಿ ಸೀನರಿ ತರಿಸಿ, ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡಿ ಬಣ್ಣ ಹಚ್ಚುತ್ತಾರೆ. ದಿನವಿಡೀ ಗಲ್ಲಾಪೆಟ್ಟಿಗೆ ಮುಂದೆ ಕೂರುವ ಮನುಷ್ಯ ಒಂದು ರಾತ್ರಿ ಕಿರೀಟ ಇಟ್ಟು ಊರವರ ಮುಂದೆ ನಿಲ್ಲುತ್ತಾನೆ. ಅದನ್ನು ನಾನು ಕಡಿಮೆ ಮಾಡಿ ನೋಡಲಾರೆ. ಮೂರು ತಿಂಗಳಾದ ಮೇಲೆ ಬಿಡಿಸಿದರೆ ಆ ನೋವು ನಿಮ್ಮಿಬ್ಬರ ಮಧ್ಯೆ ವರ್ಷಗಟ್ಟಲೆ ಕೂರುತ್ತದೆ.

ಹಾಗಂತ ಎಲ್ಲದಕ್ಕೂ ಹೂಂ ಅನ್ನಬೇಕಿಲ್ಲ. ದುಡ್ಡು ಹೇಳದೆ ಕೊಟ್ಟದ್ದು ತಪ್ಪು. ಪಾತ್ರದ ದುಡ್ಡಿನ ಮೇಲೆ ಡ್ರೆಸ್ಸು, ಊಟ, ಹಾರ ಅಂತ ಇನ್ನೂ ಖರ್ಚು ಬರುತ್ತದೆ, ಒಟ್ಟು ಎಷ್ಟು ಅಂತ ಈಗಲೇ ಕೂತು ಬರೆಯಿರಿ. ಸ್ನೇಹಿತರ ಎದುರು ಆಡಿದ ಮಾತು ಅದಕ್ಕಿಂತ ದೊಡ್ಡ ತಪ್ಪು. ಹೆಣ್ಣು ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ ಹೆಂಗಸರನ್ನು ರಂಗಕ್ಕೆ ಕರೆತಂದ ಗುಬ್ಬಿ ವೀರಣ್ಣನವರ ಜಿಲ್ಲೆಯಲ್ಲಿ ಕೂತು, ನಾಟಕದ ಪ್ರಾಕ್ಟೀಸು ಮಾಡುತ್ತಲೇ ಹೆಂಡತಿಗೆ ಕಲೆ ಗೊತ್ತಿಲ್ಲ ಅನ್ನುವುದು ನನಗೂ ಚುಚ್ಚಿತು. ಆ ಮಾತು ನೋಯಿಸಿತು ಅಂತ ಜಗಳದ ಹೊತ್ತಲ್ಲಿ ಅಲ್ಲ, ಬೆಳಿಗ್ಗೆ ಕಾಫಿ ಹೊತ್ತಲ್ಲಿ, ಮಗ ಏಳುವ ಮುಂಚೆ ಹೇಳಿ.

ಅದರ ಹಿಂದೆಯೇ ಇದನ್ನು ಕೇಳಿ: ‘ನಿಮಗೆ ವಾರಕ್ಕೆ ನಾಲ್ಕು ಸಂಜೆ ಇದೆ. ಗುರುವಾರ ರಾತ್ರಿ ಎಂಟೂವರೆಯಿಂದ ಒಂಬತ್ತೂವರೆ ನನ್ನದು, ಭಾನುವಾರ ಬೆಳಿಗ್ಗೆ ಎರಡು ಗಂಟೆಯೂ ನನ್ನದು. ಆಗ ಅನ್ನ, ಸಾರು, ಮಗ ಎಲ್ಲ ನೀವು ನೋಡಿಕೊಳ್ಳಬೇಕು.’ ಜಾತ್ರೆ ಮುಗಿದ ಮೇಲೆ ನೋಡೋಣ ಅಂದರೆ ಒಪ್ಪಬೇಡಿ. ಜಾತ್ರೆ ಆದಮೇಲೆ ಇನ್ನೊಂದು ಊರಿನವರು ಕರೆಯುತ್ತಾರೆ. ಅತ್ತೆಯವರು ಗೊಣಗಿದರೆ ಉತ್ತರ ಕೊಡುವ ಕೆಲಸ ಅವರ ಮಗನದು, ನಿಮ್ಮದಲ್ಲ.

ಭಾನುವಾರದ ಅಡುಗೆ ಹೇಗೆ ಅಂತ ಚಿಂತೆ ಬೇಡ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬರಲಿ. ಮೊದಮೊದಲು ಸ್ವರ ನಡುಗುತ್ತದೆ, ಉಸಿರು ಸಾಲದು, ಕಣ್ಣಲ್ಲಿ ನೀರೂ ಬರಬಹುದು. ಬಾಗಿಲು ಹಾಕಿಕೊಂಡು ಹಾಡಿ. ಪುಸ್ತಕಕ್ಕೆ ಗೆದ್ದಲು ಹಿಡಿದಿದ್ದರೂ ಯೋಚನೆ ಇಲ್ಲ, ಕುಮಾರವ್ಯಾಸ ಭಾರತ ವಿಕಿಸೋರ್ಸ್ ಅನ್ನುವ ಜಾಲತಾಣದಲ್ಲಿದೆ, ಮೊಬೈಲಿನಲ್ಲೇ ಓದಬಹುದು. ರೈಲಿನಲ್ಲಿ ಹಿರೇಹಳ್ಳಿ ದಾಟಿ ದಾಬಸ್‌ಪೇಟೆ ಬರುವವರೆಗೆ ದಿನಕ್ಕೊಂದು ಪದ್ಯವನ್ನು ಮನಸ್ಸಿನಲ್ಲೇ ಬಿಡಿಸಿಕೊಳ್ಳಿ. ನಿಮ್ಮ ಬೋಗಿಯಲ್ಲಿ ಭಜನೆ ಹೇಳುವವರು ಇದ್ದಾರೆ ಅಂತ ನೀವೇ ಬರೆದಿದ್ದೀರಿ, ಒಂದು ದಿನ ಬಾಯಿಬಿಟ್ಟು ಹೇಳಿದರೆ ಅವರಲ್ಲಿ ಒಬ್ಬರಾದರೂ ಕೇಳಿಸಿಕೊಳ್ಳುತ್ತಾರೆ.

ಮತ್ತೆ ಆ ಬುಧವಾರದ ಪದ. ಅದನ್ನು ಅವರಿಗೆ ಹೇಳಿಕೊಡಿ. ಸ್ನೇಹಿತರ ಎದುರು ಬೇಡ, ಇಸ್ತ್ರಿ ಮಾಡ್ತಾನೇ, ‘ಅಲ್ಲಿ ಒಡೆಯಬೇಡಿ, ಇಲ್ಲಿ ಒಡೆಯಿರಿ’ ಅಂತ ಒಂದು ಸಲ ಬಾಯಿಬಿಟ್ಟು ಹಾಡಿ ತೋರಿಸಿ. ಅವರು ಏನಂದರು ಅಂತ ನನಗೆ ಬರೆಯಿರಿ.

ನಾಟಕಕ್ಕೆ ಹೋಗಿ. ಕರ್ಣನ ಕೊನೆ ಬರುವ ಹೊತ್ತಿಗೆ ಬೆಳಗಿನ ಜಾವ ಆಗಿರುತ್ತದೆ, ಮರುದಿನದ ರಜೆಗೆ ಈಗಲೇ ಅರ್ಜಿ ಕೊಡಿ. ಮಗನಿಗೆ ಸ್ವೆಟರ್ ಇರಲಿ, ಬಯಲಿನಲ್ಲಿ ಚಳಿ ಜಾಸ್ತಿ.